‘ಆಲು’ ಅಂದವರನ್ನು ಗದರಿಸಬೇಡಿ

ಮಾನ್ಯ ಸಂಪಾದಕರೇ,

ಹಳೇ ಮೈಸೂರು ಕಡೆಯ ಹಳ್ಳಿ ಮಕ್ಕಳು ಹಾಲು, ಹಳ್ಳಿ ಅನ್ನುವ ಬದಲು ‘ಆಲು’, ‘ಅಳ್ಳಿ’ ಅಂದರೆ ಸಾಕು, ಶಾಲೆಯಲ್ಲಿ ನಗುತ್ತಾರೆ. ಇದು ನನಗೆ ಬಹಳ ಬೇಸರದ ವಿಷಯ. ನಾವು ‘ಶುದ್ಧ’ ಅಂದುಕೊಂಡಿರುವ ಹಾಲು, ಹುಲಿ, ಹೂವು, ಹೆಸರು ಎಲ್ಲವೂ ಹಳಗನ್ನಡದಲ್ಲಿ ಪಾಲ್, ಪುಲಿ, ಪೂ, ಪೆಸರ್ ಆಗಿದ್ದವು, ತಮಿಳಿನಲ್ಲಿ ಹಾಲು ಈಗಲೂ ಪಾಲ್, ಹುಲಿ ಈಗಲೂ ಪುಲಿ. ಸುಮಾರು 10ನೇ ಶತಮಾನದಿಂದ ಈಚೆಗೆ ಕನ್ನಡದಲ್ಲಿ ಪದದ ಮೊದಲಿನ ‘ಪ’ ನಿಧಾನವಾಗಿ ‘ಹ’ ಆಯಿತು. ಅದೂ ಸುಮ್ನೆ ಅಡ್ಡಾದಿಡ್ಡಿಯಾಗಿ ಅಲ್ಲ. ಅಪ್ಪ, ಉಪ್ಪು, ತುಪ್ಪದ ಒತ್ತಕ್ಷರ ಹಾಗೇ ಉಳಿಯಿತು ನೋಡಿ, ಬದಲಾವಣೆಗೂ ಒಂದು ನಿಯಮ ಇತ್ತು.

ಆ ‘ಹ’ವೂ ಬಿದ್ದುಹೋದರೆ ಆಲು. ಪಾಲ್, ಹಾಲು, ಆಲು, ಒಂದೇ ದಾರಿಯ ಮುಂದಿನ ಹೆಜ್ಜೆ, ಅಲ್ವಾ? ಬರೆಯುವಾಗ ‘ಹಾಲು’ ಅಂತಲೇ ಕಲಿಸಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಗುವಿನ ಮಾತನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಹಳಗನ್ನಡ ಪದ್ಯವನ್ನು ಬಾಯಿಪಾಠ ಮಾಡಿಸುವ ಬದಲು ಈ ‘ಪ’ದಿಂದ ‘ಹ’ದ ಕಥೆಯನ್ನು ಹೈಸ್ಕೂಲ್ ಪಠ್ಯದಲ್ಲಿ ಎರಡು ಪುಟ ಸೇರಿಸಲಿ. ಅರ್ಧ ಪದಗಳ ಅರ್ಥ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಇಂತಿ,
ನಿಮ್ಮ ಓದುಗ, ಮಂಡ್ಯ