ತಾರೀಕು ಸರಿ ಇತ್ತು, ಕೋಳಿ ಕೆಟ್ಟಿತ್ತು

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ಹದಿನಾಲ್ಕು ವರ್ಷದಿಂದ ಸಣ್ಣದೊಂದು ಮಾಂಸದ ಖಾನಾವಳಿ ನಡೆಸುತ್ತಿದ್ದೇನೆ. ಮಟನ್ ಬಗ್ಗೆ ನನಗೆ ಚಿಂತೆ ಇಲ್ಲ, ಬೆಳಿಗ್ಗೆ ಕಣ್ಣೆದುರೇ ಕೊಯ್ದದ್ದು ಮಧ್ಯಾಹ್ನಕ್ಕೆ ಮುಗಿದಿರುತ್ತದೆ. ತಾಪತ್ರಯ ಇರುವುದು ಪ್ಯಾಕೆಟ್ ಕೋಳಿಯದು, ಐಸ್ ಮೀನಿನದು.

ಕಳೆದ ಮೇ ತಿಂಗಳಲ್ಲಿ ಒಂದು ಅಂಗಡಿಯಿಂದ ಎಂಟು ಕೆಜಿ ಕೋಳಿ ತಂದೆ. ಪ್ಯಾಕೆಟ್ ಮೇಲಿನ ತಾರೀಕಿಗೆ ಇನ್ನೂ ಎರಡು ದಿನ ಬಾಕಿ ಇತ್ತು. ಮುಟ್ಟಿದರೆ ತಣ್ಣಗಿತ್ತು, ವಾಸನೆಯೂ ಬರಲಿಲ್ಲ. ಹೆಂಡತಿ ತೊಳೆಯಲು ಕೂತಾಗ ತೊಡೆಯ ತುಂಡು ಕೈಯಿಂದ ಜಾರಿತು. ತೊಳೆದಷ್ಟೂ ಲೋಳೆ. ಉಗುರುಬೆಚ್ಚಗಿನ ನೀರು ಬಿದ್ದ ಕೂಡಲೇ ವಾಸನೆ ಎದ್ದಿತು ನೋಡಿ, ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ವಾಪಸ್ ಒಯ್ದರೆ ಅಂಗಡಿಯವರು ತಾರೀಕಿನ ಮೇಲೆ ಬೆರಳಿಟ್ಟು, "ತಾರೀಕು ಐತಲ್ರಿ ಅಣ್ಣಾರ, ನಾವೇನ್ ಮಾಡೂಣು" ಅಂದರು. ಹಿಂದಿನ ರಾತ್ರಿ ಐದು ತಾಸು ಕರೆಂಟು ಇರಲಿಲ್ಲ ಅಂತ ಅಲ್ಲಿನ ಹುಡುಗನೇ ಆಮೇಲೆ ಹೇಳಿದ. ಎಂಟೂ ಕೆಜಿ ಮಣ್ಣಿಗೆ ಹೋಯಿತು. ದುಡ್ಡು ಹೋದರೆ ಹೋಗಲಿ, ಅದು ಯಾರದೋ ತಾಟಿಗೆ ಬಿದ್ದಿದ್ದರೆ?

ಮಾಂಸವನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ನಮ್ಮೂರಲ್ಲಿ ಬೇಸಿಗೆಯ ಬಿಸಿಲು 40 ದಾಟುತ್ತದೆ. ಒಳ್ಳೆ ಬೆಚ್ಚಗಿದ್ದರೆ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿ ಆಗಬಲ್ಲವು. ಕರೆಂಟು ಹೋಗಿ ಬಂದು, ಫ್ರೀಜರ್ ಮತ್ತೆ ತಣ್ಣಗಾದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ತಣ್ಣಗಿರುವ ಮಾಂಸದ ವಾಸನೆ ಏಳುವುದೇ ಕಡಿಮೆ.

ಕೆಮಿಸ್ಟ್ರಿ ಓದುತ್ತಿರುವ ಮಗಳನ್ನು ಕೇಳಿದೆ. ಮಾಂಸದ ಪ್ರೋಟೀನನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ, ಜೊತೆಗೆ ಪ್ಯುಟ್ರೆಸಿನ್, ಕೆಡವರಿನ್ ಅಂತ ಅಮೀನ್ ಜಾತಿಯ ವಸ್ತುಗಳು ಹುಟ್ಟುತ್ತವೆ, ಆ ಕೊಳೆತ ವಾಸನೆಯಲ್ಲಿ ಅವುಗಳ ಪಾಲೂ ಇದೆ ಅಂದಳು. ಸಮುದ್ರದ ಮೀನಾದರೆ ಟ್ರೈಮೀಥೈಲ್ ಅಮೀನ್. ನಮ್ಮ ಮೂಗಿಗೆ ಗೊತ್ತಾಗುವ ಮೊದಲೇ ಇವನ್ನು ಹಿಡಿಯುವ ಸೆನ್ಸರ್ ಮಾಡಲು ವಿಜ್ಞಾನಿಗಳು ವರ್ಷಗಳಿಂದ ದುಡಿಯುತ್ತಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಟಿಮೊತಿ ಸ್ವೇಗರ್ ಅವರ ತಂಡ 2015ರಲ್ಲಿ ಕಾರ್ಬನ್ ನ್ಯಾನೊಟ್ಯೂಬ್‌ಗೆ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗೆ, ಕೋಬಾಲ್ಟ್ ಲೋಹ ಇರುವ ಒಂದು ವಸ್ತು ಸೇರಿಸಿ ಇಂಥದ್ದೊಂದನ್ನು ಮಾಡಿತು. ಅಮೀನ್ ಬಂದು ಕೋಬಾಲ್ಟಿಗೆ ಅಂಟಿದರೆ ಕರೆಂಟು ಹರಿಯುವುದು ಕಷ್ಟವಾಗುತ್ತದೆ, ಅದನ್ನು ಅಳೆದರೆ ಮಾಂಸದ ಸ್ಥಿತಿ ತಿಳಿಯುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2019ರಲ್ಲಿ ಬರೀ ಕಾಗದದ ಮೇಲೆ ಕಾರ್ಬನ್ ಗೆರೆ ಎಳೆದು ಸೆನ್ಸರ್ ಮಾಡಿದರು. ಕಾಗದದಲ್ಲಿರುವ ಚೂರು ತೇವಕ್ಕೆ ಅಮೋನಿಯಾ ಕರಗಿದರೆ ಸಾಕು, ಅದರಲ್ಲಿ ಕರೆಂಟು ಹರಿಯುವ ರೀತಿ ಬದಲಾಗುತ್ತದೆ, ಪ್ಯಾಕೆಟ್ಟಿಗೆ ಮೊಬೈಲ್ ಹಿಡಿದರೆ ಗೊತ್ತಾಗುತ್ತದೆ. ಒಂದಕ್ಕೆ ಖರ್ಚು ಸುಮಾರು ಎರಡು ಸೆಂಟ್ ಅಂದಿದ್ದರು, ಅಂದರೆ ನಮ್ಮ ಒಂದೆರಡು ರೂಪಾಯಿ.

ಇದಕ್ಕೆ ವಿದೇಶವೇ ಬೇಕಂತಿಲ್ಲ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ನೀರು ಕಲಸಿದ ಎಲ್ಲರಿಗೂ ಗೊತ್ತು. ಅಮೋನಿಯಾವೂ ಸುಣ್ಣದ ಥರದ ಕ್ಷಾರವೇ. ಮಗಳು ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಚೂರನ್ನು ಸ್ವಲ್ಪ ಒದ್ದೆ ಮಾಡಿ, ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿದು ತೋರಿಸಿದಳು. ಹಳದಿ ಕಾಗದ ಕಣ್ಣೆದುರೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅರಿಶಿನ, ಕೆಂಪು ಎಲೆಕೋಸಿನ ಬಣ್ಣ ಹಾಕಿ ಪ್ಯಾಕೆಟ್ಟಿಗೆ ಅಂಟಿಸುವ ಪಟ್ಟಿ ಮಾಡುವ ಸಂಶೋಧನೆ ಬಹಳ ಕಡೆ ನಡೆದಿದೆ. ಹಾಗಂತ ಮನೆಯಲ್ಲಿ ಮಾಡಿದ ಕಾಗದ ನಂಬಿ ಯಾರೂ ಮಾಂಸ ತಿನ್ನಬೇಡಿ. ಒಳ್ಳೆಯ ಸೆನ್ಸರ್ ಕೂಡ ಕೊಳೆತದ್ದನ್ನು ಹೇಳುತ್ತದೆಯೇ ಹೊರತು ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಹೇಳುವುದಿಲ್ಲ.

ನಮ್ಮ ಕಡೆ ಒಂದು ಮಾತಿದೆ, ಚೆನ್ನಾಗಿ ಕುದಿಸಿದರೆ ಏನೂ ಆಗಲ್ಲ ಅಂತ. ಅದು ತಪ್ಪು. ಬಂಗಡೆಯಂಥ ಮೀನು ಬಿಸಿಲಿಗೆ ಕೆಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ತುಂಬಿಕೊಳ್ಳುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ಮೈಯೆಲ್ಲ ತುರಿಸಿ, ತಲೆನೋವು, ವಾಂತಿ ಬರುವುದು ಅದರಿಂದಲೇ. ಮೇಲಾಗಿ ನಮ್ಮ ಖಾರ ಮಸಾಲೆ ಎಂಥ ವಾಸನೆಯನ್ನೂ ಮುಚ್ಚಿಹಾಕುತ್ತದೆ, ಅಡುಗೆಯವನಾಗಿ ನನಗದು ಗೊತ್ತು. ತಿನ್ನುವವನಿಗೆ ಪತ್ತೆ ಮಾಡಲು ದಾರಿಯೇ ಇಲ್ಲ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಮೀನು ತಾಜಾ ಕಾಣಲೆಂದು ಬೆರೆಸಿದ ಫಾರ್ಮಾಲಿನ್, ಅಮೋನಿಯಾ ಹಿಡಿಯುವ ಕಾಗದದ ಪಟ್ಟಿಯ ಕಿಟ್ ತಯಾರಿಸಿದೆ. ಇಂಥ ಕಿಟ್ ಹಿಡಿದು ಆಹಾರ ಸುರಕ್ಷತಾ ಅಧಿಕಾರಿಗಳು ಏಪ್ರಿಲ್, ಮೇನಲ್ಲಾದರೂ ನಮ್ಮ ಮಾರ್ಕೆಟ್ಟಿಗೆ ವಾರಕ್ಕೊಮ್ಮೆ ಬರಲಿ. ನನ್ನ ಖಾನಾವಳಿಗೂ ಬರಲಿ, ಬೇಡ ಅನ್ನುವುದಿಲ್ಲ. ಪ್ಯಾಕೆಟ್ ಮಾಡುವ ಕಂಪನಿಗಳು ಬಣ್ಣ ಬದಲಿಸುವ ಪಟ್ಟಿ ಅಂಟಿಸಲಿ, ಕೆಜಿಗೆ ಎರಡು ರೂಪಾಯಿ ಜಾಸ್ತಿ ಆದರೂ ನಾನು ಕೊಡುತ್ತೇನೆ. ನಮ್ಮ ಊರಲ್ಲೇ ಮಹಿಳಾ ವಿಶ್ವವಿದ್ಯಾಲಯ ಇದೆ, ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ಮಕ್ಕಳಿಗೆ ಇದನ್ನೇ ಪ್ರಾಜೆಕ್ಟ್ ಕೊಡಬಹುದು ಅಲ್ವಾ? ಲ್ಯಾಬಿನ 4 ಡಿಗ್ರಿಯ ಫ್ರಿಜ್ಜಿನಲ್ಲಿ ಅಷ್ಟೇ ಅಲ್ಲ, ವಿಜಯಪುರದ ಬಿಸಿಲಲ್ಲಿ ಪರೀಕ್ಷೆ ಮಾಡಿ ನೋಡಲಿ.

ಸದ್ಯಕ್ಕೆ ಅಂಗಡಿಯವರಲ್ಲಿ ನನ್ನದೊಂದು ಸಣ್ಣ ಬೇಡಿಕೆ. ಫ್ರೀಜರ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕರೆಂಟು ಎಷ್ಟಕ್ಕೆ ಹೋಯಿತು, ಎಷ್ಟಕ್ಕೆ ಬಂತು ಅಂತ ಬರೆದಿಡಿ. ಆ ಮೇ ತಿಂಗಳಿಂದ ನಾನೂ ಬರೆಯುತ್ತಿದ್ದೇನೆ, ಬಂದ ಗಿರಾಕಿಗಳು ಊಟಕ್ಕೆ ಮೊದಲು ಓದಿ ನೋಡುತ್ತಾರೆ.

— ಖಾನಾವಳಿ ನಡೆಸುವ ಒಬ್ಬ ಓದುಗ, ವಿಜಯಪುರ