ಭೂಸುಧಾರಣಾ ಕಾಯ್ದೆ: ಹಳೆಯ ಪಿಡಿಎಫ್ ಬಳಸಬೇಡಿ

ಎಲ್ಲರಿಗೂ ನಮಸ್ಕಾರ. ಕರ್ನಾಟಕ ಭೂಸುಧಾರಣಾ ಕಾಯ್ದೆ ಬಗ್ಗೆ ನೋಟ್ ತಯಾರಿಸುತ್ತಿರುವವರು ದಯವಿಟ್ಟು ಓದಿ.

ಗೂಗಲ್‌ನಲ್ಲಿ ಮೊದಲು ಸಿಕ್ಕ ಪಿಡಿಎಫ್ ನಂಬಿ ಬರೆಯಬೇಡಿ. ಕೃಷಿ ಭೂಮಿ ಯಾರು ಕೊಳ್ಳಬಹುದು ಎಂಬುದಕ್ಕೆ ಮಿತಿ ಹಾಕಿದ್ದ 79ಎ, 79ಬಿ ಕಲಂಗಳು ಅದರಲ್ಲಿ ಇನ್ನೂ ಇದ್ದರೆ ಅದು ಹಳೆಯ ಪ್ರತಿ. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿದೆ. ಕೇಂದ್ರ ಸರ್ಕಾರದ ಕಾನೂನುಗಳ ಜಾಲತಾಣವಾದ ಇಂಡಿಯಾ ಕೋಡ್ ಜೊತೆಗೆ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣವನ್ನೂ ನೋಡಿ. ಅಲ್ಲಿನ ಪ್ರತಿಗಳಲ್ಲಿ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತದೆ. ಜಾಸ್ತಿ ಜನ ಅದನ್ನು ಸುಮ್ನೆ ದಾಟಿ ಕಲಂಗೆ ಹೋಗುತ್ತಾರೆ. ನನಗೆ ಬೇಸರ ಆಗುವುದೇ ಅಲ್ಲಿ. ಗೇಣಿದಾರರ ಬದುಕು ಬದಲಿಸಿದ 1974ರ ತಿದ್ದುಪಡಿ ಯಾಕೆ ಬಂತು ಅಂತ ತಿಳಿಯದೆ ಕಲಂ ಓದಿದರೆ ಅರ್ಥ ಅರ್ಧವೇ ಅಲ್ವಾ? ಅಡಿಟಿಪ್ಪಣಿಯಲ್ಲಿ ಜಾರಿಯಾದ ದಿನಾಂಕವನ್ನೂ ಗಮನಿಸಿ.

ಸದನದ ಚರ್ಚೆಯೂ ಉಪಯೋಗಕ್ಕೆ ಬರುತ್ತದೆ. ಮಸೂದೆ ತಂದ ಕಾರಣ ತಿಳಿಯಲು ಅದನ್ನು ಮಂಡಿಸಿದ ಸಚಿವರ ಭಾಷಣ ನೋಡಬಹುದು ಎಂದು ಸುಪ್ರೀಂ ಕೋರ್ಟ್ 1981ರ ಕೆ.ಪಿ. ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಕಲಂನ ಮಾತು ಸ್ಪಷ್ಟವಾಗಿದ್ದರೆ ಭಾಷಣ ಅದನ್ನು ಮೀರುವುದಿಲ್ಲ.

ಗುಂಪಿಗೆ ಪ್ರತಿ ಹಾಕುವಾಗ ಎಲ್ಲಿಂದ, ಯಾವತ್ತು ಇಳಿಸಿಕೊಂಡಿರಿ ಅಂತ ಬರೆಯಿರಿ.