ಭಾನುವಾರದ ಆನೆಗೊಂದಿ ಸುತ್ತಾಟ: ಹಳೆ ಕ್ಯಾಮೆರಾದವರು ಓದಿ

ಗೆಳೆಯರೇ, ಕ್ಯಾನೊನೆಟ್ ಕ್ಯೂಎಲ್17 (ಕ್ಯಾನನ್ ಕಂಪನಿಯ ಹಳೆ ಫಿಲ್ಮ್ ಕ್ಯಾಮೆರಾ) ತರುವವರು ಸೆಲ್ ಬಗ್ಗೆ ಈಗಲೇ ಯೋಚಿಸಿ. ಅದರ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಎಲ್‌ಆರ್44 ಎಂಬ ಆಲ್ಕಲೈನ್ ಬಟನ್ ಸೆಲ್ ಹಾಕಿ ಸುಮ್ನೆ ಫಿಲ್ಮ್ ರೋಲ್ ಹಾಳು ಮಾಡ್ಕೋಬೇಡಿ, ಬಳಸಿದಂತೆಲ್ಲ ಅದರ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ, ಬೆಳಕು ಅಳೆಯುವ ಮೀಟರ್ ನಂಬೋಕೆ ಆಗಲ್ಲ. ಎಸ್‌ಆರ್44 ಎಂಬ ಸಿಲ್ವರ್ ಆಕ್ಸೈಡ್ ಸೆಲ್ ಬಹುತೇಕ ಕೊನೆವರೆಗೂ 1.55ರ ಹತ್ತಿರವೇ ನಿಲ್ಲುತ್ತದೆ, ಅದಕ್ಕೊಂದು ಪುಟ್ಟ ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸೇರಿಸಿದರೆ ಸುಮಾರು 0.2 ವೋಲ್ಟ್ ತಗ್ಗಿ ಲೆಕ್ಕ ಸರಿಹೋಗುತ್ತದೆ. ಡಯೋಡಿನ ಗೆರೆ ಇರುವ ತುದಿ ಸೆಲ್‌ನ ಮೈನಸ್ ಕಡೆಗೇ ಬರಬೇಕು. ಸೆಲ್ 11.6 ಮಿ.ಮೀ. ಅಗಲ, ಗೂಡು ಸುಮಾರು 16. ಆ ಸಂದಿಗೆ ಹಿತ್ತಾಳೆ ಉಂಗುರ ಮಾಡಿಸಿ, ಅದು ಮೈನಸ್ ಮುಖಕ್ಕೆ ತಗುಲಲೇಬಾರದು. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಇದ್ದವರಿಗೆ ಡಯೋಡ್ ಬೇಡ, ಅದರದು ಬ್ರಿಡ್ಜ್ ಸರ್ಕ್ಯೂಟ್, ವೋಲ್ಟೇಜ್ ಸ್ವಲ್ಪ ಹೆಚ್ಚಿದ್ದರೂ ಮೀಟರ್ ಸರಿಯಾಗೇ ತೋರಿಸುತ್ತದೆ. ಡಯೋಡ್ ಬೇಕಾದವರು ಶುಕ್ರವಾರದೊಳಗೆ ಇಲ್ಲೇ ಹೇಳಿ, ಗಂಗಾವತಿಗೆ ಬರುವಾಗ ತರುತ್ತೇನೆ.